ಅಳಿದ ಕಲಾವಿದರ ಉಳಿದ ಚರಿತ್ರೆ

ಕವಿ ಅಳಿದರೂ ಕಾವ್ಯ ಉಳಿಯುತ್ತದೆ. ಶಿಲ್ಪಿ ಅಳಿದರೂ ಅವನು ಕಡೆದ ಕಂಬ ನಿಲ್ಲುತ್ತದೆ. ಬಾದಾಮಿಯ ಮೇಣಬಸದಿಗಳನ್ನೂ ಐಹೊಳೆಯ ದೇಗುಲಗಳನ್ನೂ ಕಂಡವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ನಟನ ಅಭಿನಯವೂ ಗಾಯಕನ ಕಂಠವೂ ದೇಹವನ್ನೇ ಆಶ್ರಯಿಸಿದ ಕಲೆಗಳಾದುದರಿಂದ ಅವು ದೇಹದೊಡನೆಯೇ ಅಸ್ತಮಿಸುವ ಸ್ವಭಾವದವು. ನಾಟಕ ಮುಗಿದು ಪರದೆ ಬಿದ್ದ ಮೇಲೆ ಪ್ರೇಕ್ಷಕನ ನೆನಪಲ್ಲದೆ ಬೇರೆ ಆಧಾರವಿಲ್ಲ. ಆ ಪ್ರೇಕ್ಷಕನೂ ಕಾಲವಶನಾದ ಮೇಲೆ ಆ ನೆನಪೂ ಇಲ್ಲ. ಆದುದರಿಂದಲೇ ಜನರನ್ನು ರಂಜಿಸಿ ಬಾಳಿದವರ ಜೀವನಚರಿತ್ರೆಯನ್ನು ಬರೆಯುವುದು ಅರಸರ, ಕವಿಗಳ ಚರಿತ್ರೆಯನ್ನು ಬರೆಯುವುದಕ್ಕಿಂತ ಕಠಿನವಾದ ಕಾರ್ಯ. ಈ ಕಾಠಿಣ್ಯ ಎಲ್ಲಿದೆ, ಅದನ್ನು ದಾಟುವ ಬಗೆ ಯಾವುದು ಎಂಬುದನ್ನು ಕಲಾದಗಿ ಸೀಮೆಯ ಮೂವರು ಕಲಾವಿದರ ಬಾಳಿನ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಘಟಪ್ರಭೆಯ ದಡದ ಕಲಾದಗಿಯು ಒಂದು ಕಾಲಕ್ಕೆ ಜಿಲ್ಲೆಯ ಮುಖ್ಯಸ್ಥಳವಾಗಿದ್ದಿತು. ೧೮೮೫ರಲ್ಲಿ ಆ ಸ್ಥಾನ ವಿಜಾಪುರಕ್ಕೆ ಹೋಯಿತು. ೧೯೯೭ರಲ್ಲಿ ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾದಾಗ ಕಲಾದಗಿ, ಬೀಳಗಿ, ಬಾದಾಮಿ, ಹುನಗುಂದಗಳು ಅದರೊಳಗೆ ಸೇರಿದವು. ಕೂಡಲಸಂಗಮ ಕ್ಷೇತ್ರವೂ ಇದೇ ನೆಲದಲ್ಲಿದೆ. ಮರಾಠಿ ನಾಡಿನ ಸಂಗೀತ ನಾಟಕಗಳಿಗೂ ಕನ್ನಡದ ವೃತ್ತಿರಂಗಭೂಮಿಗೂ ಕೊಡುಕೊಳೆ ನಡೆದ ಸೀಮೆ ಇದು. ಇಲ್ಲಿ ಹುಟ್ಟಿದ ಕಲಾವಿದರಿಗೆ ಹುಬ್ಬಳ್ಳಿಯಂತೆಯೇ ಪುಣೆ, ಮುಂಬಯಿಗಳೂ ಕರ್ಮಭೂಮಿಗಳಾದವು.

ಮೊದಲನೆಯವರು ಕಂದಗಲ್ಲ ಹನುಮಂತರಾಯರು (೧೮೯೬–೧೯೬೬). ಹುನಗುಂದ ತಾಲೂಕಿಗೆ ಸೇರಿದ್ದ ಕಂದಗಲ್ಲ ಅವರ ಹುಟ್ಟೂರು. ‘ರಕ್ತರಾತ್ರಿ’, ‘ಅಕ್ಷಯಾಂಬರ’, ‘ಚಿತ್ರಾಂಗದಾ’, ‘ಬಾಣಸಿಗ ಭೀಮ’ ಮುಂತಾದ ಪೌರಾಣಿಕ ನಾಟಕಗಳಿಂದ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಅವರ ಹೆಸರು ಮನೆಮಾತಾಯಿತು. ಜನ ಅವರನ್ನು ಕನ್ನಡದ ಷೇಕ್ಸ್‌ಪಿಯರ್ ಎಂದು ಕರೆದರು. ‘ರಕ್ತರಾತ್ರಿ’ಯ ಶಕುನಿಯ ಪಾತ್ರವನ್ನೂ ಅಶ್ವತ್ಥಾಮನ ಪಾತ್ರವನ್ನೂ ಮಾಡಬೇಕೆಂಬುದು ಎಷ್ಟೋ ಊರುಗಳ ಹವ್ಯಾಸಿ ನಟರ ಜೀವನದ ಹಂಬಲವಾಗಿದ್ದಿತು. ವಿಜಾಪುರದ ರಂಗಮಂದಿರಕ್ಕೆ ಅವರ ಹೆಸರನ್ನೇ ಇಡಲಾಯಿತು. ಹನುಮಂತರಾಯರ ಕೃತಿಗಳು ಅಚ್ಚಾದವು. ಆ ಕೃತಿಯೇ ಕರ್ತನಿಗೆ ಸಾಕ್ಷಿ. ಚರಿತ್ರಕಾರನ ಕೆಲಸ ಇಲ್ಲಿ ಸುಗಮ. ಮುಂದಿನ ಇಬ್ಬರ ವಿಷಯದಲ್ಲಿ ಹೀಗಿಲ್ಲ.

ಆ ಇಬ್ಬರು ಬೀಳಗಿಯ ಸೋದರಿಯರು: ಅಕ್ಕ ಗೋಹರಬಾಯಿ, ತಂಗಿ ಅಮೀರಬಾಯಿ. ತಂದೆ ಹುಸೇನಸಾಹೇಬರು, ತಾಯಿ ಅಮೀನಾಬಿ. ನಾಟಕ ಮತ್ತು ಸಂಗೀತವೇ ಆ ಮನೆಯ ಉಸಿರು. ಅಮೀರಬಾಯಿಯವರ ಜನನ ೧೯೦೬ರಲ್ಲಿ ಎಂದು ಕೆಲವರೂ ೧೯೧೨ರಲ್ಲಿ ಎಂದು ಕೆಲವರೂ ಬರೆದಿದ್ದಾರೆ. ಮರಣದ ದಿನ ಮಾತ್ರ ನಿಶ್ಚಿತ: ೧೯೬೫ನೆಯ ಮಾರ್ಚ್ ೩. ಕಲಾವಿದರ ಚರಿತ್ರೆಯ ಮೊದಲನೆಯ ತೊಡಕು ಇಲ್ಲಿಯೇ ಕಾಣಿಸುತ್ತದೆ. ಬಡವರ ಮನೆಯಲ್ಲಿ ಹೆಣ್ಣುಮಗು ಹುಟ್ಟಿದ ದಿನವನ್ನು ಬರೆದಿಡುವವರು ಇರುವುದಿಲ್ಲ. ಪ್ರಸಿದ್ಧಿ ಬಂದ ಮೇಲೆ ಸಾವಿನ ದಿನವನ್ನು ಬರೆದಿಡಲು ಪತ್ರಿಕೆಗಳು ಇರುತ್ತವೆ. ಜೀವನದ ಒಂದು ತುದಿ ಬೆಳಕಿನಲ್ಲಿ, ಇನ್ನೊಂದು ತುದಿ ಕತ್ತಲೆಯಲ್ಲಿ.

ಈ ಸೋದರಿಯರು ಮುಂಬಯಿಗೆ ಹೋದ ಮೇಲೆ ‘ಕರ್ನಾಟಕಿ’ ಎಂಬ ಅಡ್ಡಹೆಸರನ್ನು ಧರಿಸಿದರು. ಊರಿನ ಹೆಸರನ್ನು ಹೆಸರಿನೊಡನೆ ಕೂಡಿಸುವುದು ಈ ಸೀಮೆಯ ಗಾಯಕರ ವಾಡಿಕೆ. ಮನಸೂರ, ಹಾನಗಲ್ಲ ಎಂಬ ಊರುಗಳು ಲೋಕವಿಖ್ಯಾತವಾದುದು ಹೀಗೆಯೇ. ಇವರು ಊರನ್ನು ಬಿಟ್ಟು ನಾಡನ್ನೇ ಹೆಸರಾಗಿ ಇಟ್ಟುಕೊಂಡರು. ಕರ್ನಾಟಕವೆಂಬ ಹೆಸರಿನ ರಾಜ್ಯ ಆಗ ಇರಲಿಲ್ಲ. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಿತು. ಮೈಸೂರು ರಾಜ್ಯಕ್ಕೆ ಆ ಹೆಸರು ಬಂದುದು ೧೯೭೩ರಲ್ಲಿ. ಅದಕ್ಕೂ ದಶಕಗಳ ಮೊದಲೇ ಬೀಳಗಿಯ ಈ ಹೆಣ್ಣುಮಕ್ಕಳ ಮೂಲಕ ಆ ಹೆಸರು ಚಲಚ್ಚಿತ್ರಗಳ ಪ್ರಚಾರಪತ್ರಗಳಲ್ಲಿ ಭಾರತವನ್ನೆಲ್ಲ ಸುತ್ತಿದ್ದಿತು.

ಅಮೀರಬಾಯಿಯವರು ೧೯೩೪ರ ‘ವಿಷ್ಣುಭಕ್ತಿ’ ಚಿತ್ರದಿಂದ ಚಿತ್ರರಂಗವನ್ನು ಪ್ರವೇಶಿಸಿದರು. ಮಾತನಾಡುವ ಚಿತ್ರಗಳು ಬಂದು ಮೂರು ವರ್ಷಗಳಷ್ಟೇ ಆಗಿದ್ದವು. ಆರಂಭದಲ್ಲಿ ನಟರೇ ಹಾಡಬೇಕಾಗಿದ್ದಿತು. ೧೯೩೫ರಿಂದ ಹಿನ್ನೆಲೆ ಗಾಯನವು ಬಳಕೆಗೆ ಬಂದು, ಒಬ್ಬರ ಮುಖಕ್ಕೆ ಇನ್ನೊಬ್ಬರ ಕಂಠವನ್ನು ಕೂಡಿಸುವುದು ಸಾಧ್ಯವಾಯಿತು. ಈ ಮಾರ್ಪಾಡು ಅಮೀರಬಾಯಿಯವರಿಗೆ ವರವಾಗಿ ಬಂದಿತು. ೧೯೪೩ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ ‘ಕಿಸ್ಮತ್’ ಚಿತ್ರದಲ್ಲಿ ಅನಿಲ್ ಬಿಸ್ವಾಸರ ಸಂಗೀತದಲ್ಲಿ ನಾಯಿಕೆ ಮುಮ್ತಾಜ್ ಶಾಂತಿಯವರಿಗೆ ಅವರು ಕಂಠದಾನ ಮಾಡಿದರು. ಆ ಚಿತ್ರವು ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲಿಯೇ ಮೂರು ವರ್ಷಗಳಿಗೂ ಮಿಕ್ಕಿ ನಡೆಯಿತು. ಪರಕೀಯರಿಗೆ ಎಚ್ಚರಿಕೆ ಕೊಡುವ, ಕವಿ ಪ್ರದೀಪರು ರಚಿಸಿದ ಸಮೂಹಗೀತೆಯೊಂದು ಅದರಲ್ಲಿದೆ. ೧೯೪೨ರ ಚಳವಳಿಯ ಬಿಸಿ ಆರದಿದ್ದ ಆ ದಿನಗಳಲ್ಲಿ ಅದು ಸರಕಾರದ ಪರಿಶೀಲನೆಯನ್ನು ದಾಟಿದುದು, ಯುದ್ಧದಲ್ಲಿ ಬ್ರಿಟಿಷರ ವೈರಿಗಳಾಗಿದ್ದ ಜರ್ಮನರನ್ನೂ ಜಪಾನೀಯರನ್ನೂ ಉದ್ದೇಶಿಸಿದೆಯೆಂಬ ತೋರಿಕೆಯಿಂದ. ಪ್ರೇಕ್ಷಕರಿಗೆ ಅದರ ನಿಜವಾದ ಅರ್ಥ ತಿಳಿದೇ ಇದ್ದಿತು. ಆ ಗೀತೆಯ ಪ್ರಮುಖ ಕಂಠಗಳಲ್ಲಿ ಬೀಳಗಿಯ ಕಂಠವೂ ಒಂದು.

ಮರುವರ್ಷ ‘ರತನ್’ ಚಿತ್ರದಲ್ಲಿ ನೌಷಾದರ ಸಂಗೀತದಲ್ಲಿ ಹಾಡಿದರು. ೧೯೪೬ರ ಗುಜರಾತಿ ಚಿತ್ರ ‘ರಾಣಕದೇವಿ’ಯ ಅವರ ಗೀತೆಯು ಗುಜರಾತದ ಮನೆಮನೆಯನ್ನು ಸೇರಿತು. ೧೯೪೮ರ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತವನ್ನು ಸಂಯೋಜಿಸಿದರು. ಸಂಗೀತ ನಿರ್ದೇಶನವು ಬಹುತೇಕ ಪುರುಷರ ಕೈಯಲ್ಲಿಯೇ ಇದ್ದ ಕಾಲದಲ್ಲಿ ಇದು ಸಾಮಾನ್ಯ ಸಾಹಸವಲ್ಲ. ಕನ್ನಡಿಗರು ಅವರನ್ನು ‘ಕನ್ನಡ ಕೋಗಿಲೆ’ ಎಂದು ಕರೆದರು.

ಇಲ್ಲಿ ಎರಡನೆಯ ತೊಡಕನ್ನು ಗಮನಿಸಬೇಕು. ಆ ಕಾಲದ ಗ್ರಾಮೊಫೋನ್ ತಟ್ಟೆಯನ್ನು ಅರಗಿನಿಂದ ಮಾಡುತ್ತಿದ್ದರು. ಅದು ನಿಮಿಷಕ್ಕೆ ೭೮ ಸಲ ತಿರುಗುತ್ತಿದ್ದಿತು. ಒಂದು ಬದಿಯಲ್ಲಿ ಮೂರು-ಮೂರೂವರೆ ನಿಮಿಷದ ಹಾಡು ಮಾತ್ರ ಹಿಡಿಯುತ್ತಿದ್ದಿತು. ಕೈಜಾರಿದರೆ ತಟ್ಟೆ ಒಡೆಯುತ್ತಿದ್ದಿತು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಚಿತ್ರಗೀತೆಗಳ ತಟ್ಟೆಗಳ ಮೇಲೆ ಹಲವು ಸಲ ಹಾಡಿದವರ ಹೆಸರೇ ಇರುತ್ತಿರಲಿಲ್ಲ. ೧೯೪೯ರ ‘ಮಹಲ್’ ಚಿತ್ರದಲ್ಲಿ ಲತಾ ಮಂಗೇಶಕರ ಹಾಡಿದ ಸುಪ್ರಸಿದ್ಧ ಗೀತೆಯ ತಟ್ಟೆಯಲ್ಲಿಯೂ ಗಾಯಕಿಯ ಹೆಸರಿಗೆ ಬದಲಾಗಿ ‘ಕಾಮಿನಿ’ ಎಂಬ ಪಾತ್ರದ ಹೆಸರು ಇದ್ದಿತು. ಕಂಠ ಉಳಿದರೂ ಅದು ಯಾರ ಕಂಠವೆಂಬುದು ಮರೆಯಾಗುವ ಸ್ಥಿತಿ ಇದು. ಆದುದರಿಂದ ಧ್ವನಿಮುದ್ರಿಕೆಯನ್ನು ಆಧಾರವಾಗಿ ಹಿಡಿಯುವ ಚರಿತ್ರಕಾರನು ಮೊದಲು ಕಿವಿಯನ್ನು ಪಳಗಿಸಿಕೊಳ್ಳಬೇಕು. ಅಂಕಿತವಿಲ್ಲದ ವಚನವನ್ನು ಶೈಲಿಯಿಂದ ಗುರುತಿಸುವ ಸಂಪಾದಕನ ಶ್ರಮಕ್ಕೆ ಈ ಶ್ರಮವನ್ನು ಹೋಲಿಸಬಹುದು.

ದೇಶವು ಸ್ವತಂತ್ರವಾದ ಬಳಿಕ ಅಭಿರುಚಿ ಬದಲಾಯಿತು. ತೆಳುವಾದ, ಎತ್ತರದ ಸ್ಥಾಯಿಯ ಕಂಠಗಳಿಗೆ ಬೇಡಿಕೆ ಬಂದು, ಬೈಠಕಿನ ತುಂಬುಕಂಠಗಳು ಹಿಂದೆ ಸರಿದವು. ೧೯೫೦ರ ‘ಸಮಾಧಿ’ ಚಿತ್ರದಲ್ಲಿ ಅಮೀರಬಾಯಿಯವರೂ ಲತಾ ಅವರೂ ಕೂಡಿ ಹಾಡಿದ ಯುಗಳಗೀತೆಯಲ್ಲಿ ಹೋಗುವ ಕಾಲವೂ ಬರುವ ಕಾಲವೂ ಒಟ್ಟಿಗೆ ಕೇಳಿಸುತ್ತವೆ. ಅನಂತರ ಅವರಿಗೆ ದೊರೆತುದು ಪೋಷಕ ಪಾತ್ರಗಳು. ಹಿಮಾಲಯವಾಲಾ ಎಂಬ ನಟರೊಡನೆ ನಡೆದ ಮೊದಲ ವಿವಾಹವು ದುಃಖದಲ್ಲಿ ಪರ್ಯವಸಾನಗೊಂಡು ಬಿಡುಗಡೆಯಾಯಿತು. ಗಳಿಸಿದ ದಿನಗಳಲ್ಲಿ ಅವರು ತವರು ಸೀಮೆಯನ್ನು ಮರೆಯಲಿಲ್ಲವೆಂಬುದಕ್ಕೆ ವಿಜಾಪುರದಲ್ಲಿ ಅವರ ಹೆಸರಿನಲ್ಲಿ ಎದ್ದ ‘ಅಮೀರ ಟಾಕೀಸ್’ ಚಿತ್ರಮಂದಿರವೇ ಸಾಕ್ಷಿ. ಇತ್ತೀಚಿನ ವರ್ಷಗಳಲ್ಲಿ ರಹಮತ್ ತರೀಕೆರೆಯವರು ಊರೂರು ತಿರುಗಿ ಸಾಮಗ್ರಿಯನ್ನು ಕೂಡಿಸಿ ಅವರ ಜೀವನಕಥನವನ್ನು ಕನ್ನಡದಲ್ಲಿ ಬರೆದುದರಿಂದ ಅಮೀರಬಾಯಿಯವರ ಬಾಳು ಮರವೆಯಿಂದ ಪಾರಾಯಿತು.

ಗೋಹರಬಾಯಿಯವರ ಪಾಲಿಗೆ ಬಂದುದು ಮರವೆಗಿಂತಲೂ ಕಠೋರವಾದ ಅಪವಾದ. ಮರಾಠಿ ರಂಗಭೂಮಿಯ ಮೇರುನಟ ಬಾಲಗಂಧರ್ವರ (೧೮೮೮–೧೯೬೭) ಗಾಯನಕ್ಕೆ ಮಾರುಹೋಗಿ, ಅವರ ಹಾಡುಗಾರಿಕೆಯನ್ನು ತಮ್ಮ ಕಂಠದಲ್ಲಿ ಸಾಧಿಸಿಕೊಂಡು, ೧೯೩೮ರಲ್ಲಿ ಗೋಹರಬಾಯಿಯವರು ಗಂಧರ್ವ ನಾಟಕ ಮಂಡಳಿಯನ್ನು ಸೇರಿದರು. ಬಾಲಗಂಧರ್ವರ ಮೊದಲ ಪತ್ನಿ ೧೯೪೦ರಲ್ಲಿ ತೀರಿಕೊಂಡರು. ೧೯೫೧ರಲ್ಲಿ ಗೋಹರಬಾಯಿಯವರೊಡನೆ ವಿವಾಹವಾಯಿತು. ನಟಶ್ರೇಷ್ಠನ ಕಂಪನಿ ಕುಸಿದುದಕ್ಕೂ ಆತನ ಬಡತನಕ್ಕೂ ಈ ಅನ್ಯಧರ್ಮದ, ಅನ್ಯಪ್ರಾಂತದ ಹೆಣ್ಣುಮಗಳೇ ಕಾರಣವೆಂದು ಅಭಿಮಾನಿಗಳು ಹಲವರು ದೂರಿದರು. ಆ ದೂರು ಬಾಯಿಂದ ಬಾಯಿಗೆ ಹರಡಿ ಚರಿತ್ರೆಯ ವೇಷ ಹಾಕಿತು.

ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ ಸಂಗತಿ ಬೇರೆಯಾಗಿ ತೋರುತ್ತದೆ. ೧೯೧೩ರಲ್ಲಿ ಸ್ಥಾಪಿತವಾದ ಆ ಮಂಡಳಿಯು ನೈಜ ಆಭರಣ, ಬೆಲೆಬಾಳುವ ವಸ್ತ್ರ, ಅತ್ತರುಗಳ ವೈಭವದಿಂದಾಗಿ ೧೯೨೦ರ ದಶಕದಲ್ಲಿಯೇ ಸಾಲದಲ್ಲಿ ಮುಳುಗಿದ್ದಿತು. ೧೯೩೧ರಲ್ಲಿ ಮಾತನಾಡುವ ಚಿತ್ರಗಳು ಬಂದು ನಾಟಕ ಕಂಪನಿಗಳ ಪ್ರೇಕ್ಷಕರನ್ನು ಸೆಳೆದುಕೊಂಡವು. ಸ್ವತಃ ಬಾಲಗಂಧರ್ವರೇ ರಂಗವನ್ನು ಬಿಟ್ಟು ೧೯೩೫ರ ‘ಧರ್ಮಾತ್ಮಾ’ ಚಿತ್ರದಲ್ಲಿ ಸಂತ ಏಕನಾಥರ ಪಾತ್ರವನ್ನು ವಹಿಸಬೇಕಾಯಿತು. ಸ್ತ್ರೀಪಾತ್ರದಿಂದ ಖ್ಯಾತರಾದ ಅವರಿಗೆ ೧೯೩೮ರ ವೇಳೆಗೆ ೫೦ ವರ್ಷ ವಯಸ್ಸು. ಇಷ್ಟೆಲ್ಲ ಆದ ಮೇಲೆ ಗೋಹರಬಾಯಿಯವರು ಬಂದರು. ಮುಂದೆ ಪಾರ್ಶ್ವವಾಯು ಬಡಿದು ಬಾಲಗಂಧರ್ವರು ಕಾಲಿನ ಶಕ್ತಿಯನ್ನು ಕಳೆದುಕೊಂಡಾಗ ಶುಶ್ರೂಷೆ ಮಾಡಿದವರೂ ಆಕೆಯೇ. ೧೯೬೪ರಲ್ಲಿ, ಅವರಿಗಿಂತ ಮೊದಲೇ, ಆಕೆ ತೀರಿಕೊಂಡರು. ಕಾಲಾನುಕ್ರಮವೆಂಬುದು ಕೇವಲ ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಅಂಕಿಗಳ ಸಾಲಲ್ಲ. ಸತ್ತ ಮೇಲೆ ತಮ್ಮ ಪರವಾಗಿ ಮಾತನಾಡಲಾರದವರಿಗೆ ಅದು ನ್ಯಾಯವನ್ನು ದೊರಕಿಸಿಕೊಡಬಲ್ಲದು.

ಹೆಸರುಗಳ ಗೊಂದಲವು ಮೂರನೆಯ ತೊಡಕು. ೧೯೦೨ರಲ್ಲಿ ಭಾರತದ ಮೊದಲ ಗ್ರಾಮೊಫೋನ್ ಮುದ್ರಣಗಳಲ್ಲಿ ಹಾಡಿ ಹೆಸರಾದ ಕಲಕತ್ತೆಯ ಗೋಹರಜಾನರು ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು ೧೯೩೦ರಲ್ಲಿ ಮೈಸೂರಿನಲ್ಲಿಯೇ ನಿಧನರಾದರು. ಮುಂಬಯಿಯ ಚಿತ್ರರಂಗದಲ್ಲಿ ಗೋಹರ ಎಂಬ ಇನ್ನೊಬ್ಬ ನಟಿ ಇದ್ದರು. ಕರ್ನಾಟಕದ ನಂಟಿರುವ ಗೋಹರ ಎಂದೊಡನೆ ಒಬ್ಬರ ಕಥೆಯನ್ನು ಇನ್ನೊಬ್ಬರಿಗೆ ಅಂಟಿಸಿಬಿಡುವ ಅಪಾಯವಿದೆ. ಹಲವು ಬೊಮ್ಮಯ್ಯಗಳನ್ನೂ ಹಲವು ಮಾರಯ್ಯಗಳನ್ನೂ ಅಂಕಿತದ ಬಲದಿಂದ ಬೇರ್ಪಡಿಸಿ ಬಲ್ಲ ವಚನಾಭ್ಯಾಸಿಗಳಿಗೆ ಈ ಎಚ್ಚರ ಹೊಸದಲ್ಲ.

ಜನರಂಜನೆಯನ್ನು ಬದುಕಾಗಿಸಿಕೊಂಡವರ ಚರಿತ್ರೆಯು ಗೌರವಕ್ಕೆ ಅರ್ಹವೇ ಎಂದು ಕೇಳುವವರೂ ಉಂಟು. ೧೨ನೆಯ ಶತಮಾನದಲ್ಲಿಯೇ ಇದಕ್ಕೆ ಉತ್ತರ ದೊರೆತಿದೆ. ವೇಷ ಹಾಕುವ ಬಹುರೂಪಿ ಚೌಡಯ್ಯ, ನಗಿಸುವ ನಗೆಯ ಮಾರಿತಂದೆ, ಡಕ್ಕೆ ಬಾರಿಸುವ ಡಕ್ಕೆಯ ಬೊಮ್ಮಣ್ಣ, ಕಿನ್ನರಿ ನುಡಿಸುವ ಕಿನ್ನರಿ ಬ್ರಹ್ಮಯ್ಯ, ಕಲಕೇತಯ್ಯ ಇವರೆಲ್ಲ ಶರಣರ ಸಾಲಿನಲ್ಲಿ ಕುಳಿತವರು. ‘ರೇಕಣ್ಣಪ್ರಿಯ ನಾಗಿನಾಥ’, ‘ಆತುರವೈರಿ ಮಾರೇಶ್ವರ’ ಎಂಬ ಅಂಕಿತಗಳು ವೇಷಗಾರನ ಮತ್ತು ವಿನೋದಗಾರನ ಅಂಕಿತಗಳು. ಕಾಯಕಕ್ಕೆ ಮೇಲುಕೀಳಿಲ್ಲವೆಂಬ ತತ್ತ್ವವು ಅವರ ಹೆಸರುಗಳಲ್ಲಿಯೇ ನೆಲೆಸಿದೆ. ಆದರೂ ಅವರ ವಚನಗಳು ಉಳಿದಂತೆ ಅವರ ವೇಷ, ನಗೆ, ನಾದಗಳು ಉಳಿಯಲಿಲ್ಲ. ಚೌಡಯ್ಯನು ಯಾವ ವೇಷವನ್ನು ಹೇಗೆ ಕಟ್ಟುತ್ತಿದ್ದನೆಂದು ಬರೆದಿಟ್ಟವರಿಲ್ಲ. ವೃತ್ತಿರಂಗಭೂಮಿಯ ಗುಬ್ಬಿ ವೀರಣ್ಣನವರು (೧೮೯೧–೧೯೭೨) ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟುದೂ ಮಲ್ಲಿಕಾರ್ಜುನ ಮನಸೂರರು (೧೯೧೦–೧೯೯೨) ‘ನನ್ನ ರಸಯಾತ್ರೆ’ಯಲ್ಲಿ ತಮ್ಮ ಬಾಳನ್ನು ತಾವೇ ಹೇಳಿದುದೂ ಮುಂದಿನವರಿಗೆ ದೊಡ್ಡ ಉಪಕಾರ. ತಮ್ಮ ಕಥೆಯನ್ನು ತಾವು ಬರೆಯುವ ಅನುಕೂಲ ಬೀಳಗಿಯ ಸೋದರಿಯರಿಗೆ ಒದಗಲಿಲ್ಲ.

ಆದುದರಿಂದ ಕಲಾವಿದರ ಚರಿತ್ರೆಯನ್ನು ಬರೆಯುವವನು ಮೂರು ನಿಯಮಗಳನ್ನು ಪಾಲಿಸಬೇಕು. ಕೇಳಿದ ಕಥೆಯನ್ನು ವರ್ಷಗಳ ಒರೆಗೆ ಹಚ್ಚಿ ನೋಡುವುದು ಒಂದು. ಹೊಗಳಿಕೆಯಿಂದ ದೇವರನ್ನಾಗಿಯೂ ತೆಗಳಿಕೆಯಿಂದ ರಾಕ್ಷಸನನ್ನಾಗಿಯೂ ಮಾಡದೆ ಕಾಯಕವನ್ನು ಮುಂದಿಟ್ಟು ತೂಗುವುದು ಎರಡು. ಕಂಡವರು, ಕೇಳಿದವರು ಬದುಕಿರುವಾಗಲೇ ಅವರ ಮಾತನ್ನು ಬರೆದುಕೊಳ್ಳುವುದು ಮೂರು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಇಳಕಲ್ಲಿನಲ್ಲಿ, ಹುನಗುಂದದಲ್ಲಿ, ಕಲಾದಗಿಯ ಸುತ್ತಿನ ಹಳ್ಳಿಗಳಲ್ಲಿ ಹಳೆಯ ನಾಟಕದ ಕರಪತ್ರಗಳು ಕಪಾಟಿನ ತಳದಲ್ಲಿ ಇದ್ದಾವು. ಕಂಪನಿಯ ಪೆಟ್ಟಿಗೆ ಬಾರಿಸಿದ, ಹೆಣ್ಣುವೇಷ ಕಟ್ಟಿದ ವೃದ್ಧರು ಕಟ್ಟೆಯ ಮೇಲೆ ಕುಳಿತಿದ್ದಾರು. ಅವರ ಹೆಸರು, ಊರು, ಕಂಪನಿ, ಮಾಡಿದ ಪಾತ್ರ, ಹುಟ್ಟಿದ ವರ್ಷ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೂ ಮುಂದೊಂದು ದಿನ ಅದು ಒಬ್ಬ ಮನುಷ್ಯನ ಮಾನವನ್ನು ಕಾಯಬಹುದು. ಗೋಹರಬಾಯಿಯವರಿಗೆ ಆ ಹಾಳೆ ಸಕಾಲದಲ್ಲಿ ದೊರೆಯಲಿಲ್ಲ.