ಕೀಲು ಬದಲಿಸಿದ ಮೇಲೆ ತೋಟಕ್ಕೆ ಇಳಿಯಬಹುದೇ?

ಭಾನುವಾರದ ಪೂಜೆಯಲ್ಲಿ ಮೊಣಕಾಲೂರಲಾಗದೆ ಬೆಂಚಿನಲ್ಲೇ ಕುಳಿತಿರುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಮನೆ ಭೇಟಿಗೆ ಹೋದಾಗಲೂ ಅದೇ ಪ್ರಶ್ನೆ: "ಫಾದರ್, ಗಂಟು ಬದಲಿಸಿದರೆ ಒಳ್ಳೆಯದಾ? ಆಮೇಲೆ ತೋಟಕ್ಕೆ ಹೋಗಬಹುದಾ?" ವೈದ್ಯರಿಂದ ಕೇಳಿ ತಿಳಿದದ್ದನ್ನೂ ಕಣ್ಣಾರೆ ಕಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಊರಿನ ಒಬ್ಬ ತಾಯಿ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಮೊಣಗಂಟಿನ ಆಪರೇಷನ್ ಮಾಡಿಸಿಕೊಂಡು ಬಂದರು. ಮೂರನೇ ವಾರದಲ್ಲಿ ಗಾಯದಿಂದ ನೀರು ಒಸರತೊಡಗಿತು. ಅಷ್ಟು ದೂರ ಯಾಕೆಂದು ಮಗ ಇಲ್ಲಿಯ ಮೆಡಿಕಲ್ಲಿನಿಂದ ಮಾತ್ರೆ ತಂದುಕೊಟ್ಟ. ಹತ್ತು ದಿನ ಹಾಗೇ ಹೋಯಿತು. ಕೊನೆಗೆ ಗಂಟನ್ನು ಮತ್ತೆ ತೆರೆದು ತೊಳೆಯಬೇಕಾಯಿತು, ತಿಂಗಳುಗಟ್ಟಲೆ ಔಷಧಿ ಬೇಕಾಯಿತು. ಈಗ ಅವರು ಕೋಲು ಹಿಡಿದು ನಡೆಯುತ್ತಾರೆ. ಆ ಹತ್ತು ದಿನ ಕಳೆದುಕೊಳ್ಳಬಾರದಿತ್ತು.

ಏನು ಮಾಡುತ್ತಾರೆ?

ಸೊಂಟದ ಕೀಲಿನಲ್ಲಿ ಸವೆದ ಗುಂಡನ್ನು ತೆಗೆದು ಹೊಸ ಗುಂಡು, ಹೊಸ ಬಟ್ಟಲು ಕೂರಿಸುತ್ತಾರೆ. ಇಂಗ್ಲೆಂಡಿನ ಡಾ. ಜಾನ್ ಚಾರ್ನ್ಲಿ 1962ರಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು ಬಳಸಿದ ಮೇಲೆ ಈ ಚಿಕಿತ್ಸೆ ನೆಲೆಯೂರಿತು. ಮೊಣಕಾಲಿನಲ್ಲಿ ಸವೆದ ಎಲುಬಿನ ತುದಿಗಳನ್ನು ತೆಳುವಾಗಿ ಕತ್ತರಿಸಿ ಲೋಹದ ಕವಚ ಹೊದಿಸಿ, ನಡುವೆ ಪ್ಲಾಸ್ಟಿಕ್ ಇಡುತ್ತಾರೆ.

ಹಲವು ದೇಶಗಳ ದಾಖಲೆಗಳನ್ನು ನೋಡಿ 2019ರಲ್ಲಿ ಪ್ರಕಟವಾದ ಲೆಕ್ಕದಂತೆ, 25 ವರ್ಷಗಳ ನಂತರವೂ ಬಾಳುವ ಕೀಲುಗಳು ಸೊಂಟದಲ್ಲಿ 100ಕ್ಕೆ ಸುಮಾರು 58, ಮೊಣಕಾಲಿನಲ್ಲಿ ಸುಮಾರು 82. ಎಪ್ಪತ್ತರ ಹಿರಿಯರಿಗೆ ಬಹುಮಟ್ಟಿಗೆ ಒಂದೇ ಆಪರೇಷನ್ ಸಾಕು. ಐವತ್ತರವರು ಮತ್ತೊಮ್ಮೆ ಮಾಡಿಸಬೇಕಾದೀತೆಂದು ತಿಳಿದೇ ನಿರ್ಧರಿಸಬೇಕು.

ಹೆಚ್ಚಿನವರ ನೋವು ಕಡಿಮೆಯಾಗುತ್ತದೆ. ಆದರೂ ಮೊಣಗಂಟು ಬದಲಿಸಿದವರಲ್ಲಿ ಐವರಿಗೊಬ್ಬರಂತೆ ಪೂರ್ಣ ತೃಪ್ತರಲ್ಲ. ಹೊಸ ಗಂಟು ನಡೆಯಲು ಒದಗುತ್ತದೆ, ಕುಕ್ಕರಗಾಲಿನಲ್ಲಿ ಕೂರಲು ಸಾಮಾನ್ಯವಾಗಿ ಒದಗದು. ಇದನ್ನು ಮೊದಲೇ ತಿಳಿದರೆ ಆಮೇಲೆ ಬೇಸರವಿಲ್ಲ.

ಆಪರೇಷನ್‌ಗೆ ಮೊದಲು

ತೂಕ ಇಳಿಸಿ, ತೊಡೆಯ ವ್ಯಾಯಾಮ ಮಾಡಿ, ನೋವಿರುವ ಕಾಲಿನ ಎದುರು ಕೈಯಲ್ಲಿ ಕೋಲು ಹಿಡಿದು ನೋಡಿ. ಕೆಲವರಿಗೆ ಇಷ್ಟರಿಂದಲೇ ಹಲವು ವರ್ಷ ದೂಡಬಹುದು. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗುತ್ತಾ ಹೋಗಬೇಡಿ. ಹೊಟ್ಟೆ, ಮೂತ್ರಪಿಂಡ ಕೆಡುತ್ತವೆ.

ಆಪರೇಷನ್ ನಿಶ್ಚಯವಾದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ, ಬೀಡಿ ನಿಲ್ಲಲಿ, ಹುಳುಕು ಹಲ್ಲಿಗೆ ಚಿಕಿತ್ಸೆಯಾಗಲಿ. ಮಳೆಗಾಲದಲ್ಲಿ ಬೆರಳ ಸಂದಿಯಲ್ಲಾಗುವ ಕೆಸರು ಹುಣ್ಣು, ಒಡೆದ ಹಿಮ್ಮಡಿ ಇದ್ದರೆ ಮುಚ್ಚಿಡದೆ ವೈದ್ಯರಿಗೆ ತೋರಿಸಿ. ಖರ್ಚಿನ ವಿಷಯವನ್ನೂ ಮೊದಲೇ ಮಾತನಾಡಿ. ಮೊಣಕಾಲಿನ ಕೀಲಿನ ಬೆಲೆಗೆ ಕೇಂದ್ರ ಸರಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಬೇರೆಯಾಗಿ ತೋರಿಸಲು ಹೇಳಿ.

ಆಪರೇಷನ್ ಆದ ಮೇಲೆ

ಸೋಂಕು ತಗಲುವುದು ನೂರಕ್ಕೆ ಒಬ್ಬಿಬ್ಬರಿಗೆ ಮಾತ್ರ. ಆದರೆ ತಗಲಿದರೆ ಕಷ್ಟ. ರೋಗಾಣುಗಳು ಲೋಹದ ಮೇಲೆ ಪೊರೆ ಕಟ್ಟಿಕೊಳ್ಳುತ್ತವೆ. ಆಗ ಬರಿಯ ಮಾತ್ರೆ ನಾಟದು. ಬೇಗ ತೊಳೆದರೆ ಕೀಲು ಉಳಿದೀತು, ತಡವಾದರೆ ಕೀಲನ್ನೇ ತೆಗೆಯಬೇಕಾದೀತು. ಸ್ವಂತ ಬುದ್ಧಿಯಿಂದ ಮಾತ್ರೆ ತಿಂದರೆ ಪರೀಕ್ಷೆಯಲ್ಲಿ ರೋಗಾಣು ಸಿಕ್ಕದೆಯೂ ಹೋಗಬಹುದು. ಗಾಯ ಒಸರಿದರೆ, ಕೆಂಪೇರಿದರೆ, ಜ್ವರ ಬಂದರೆ ಆಪರೇಷನ್ ಮಾಡಿದ ವೈದ್ಯರಿಗೆ ಅಂದೇ ತಿಳಿಸಿ.

ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಥಟ್ಟನೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಓಡಿ. ಇದನ್ನು ತಡೆಯಲೆಂದೇ ಬೇಗ ಎಬ್ಬಿಸಿ ನಡೆಸುತ್ತಾರೆ, ಔಷಧಿ ಕೊಡುತ್ತಾರೆ. ನೋವೆಂದು ಹಾಸಿಗೆ ಹಿಡಿಯಬೇಡಿ. ಮೊಣಕಾಲು ಮಡಚುವ ವ್ಯಾಯಾಮ ಬಿಟ್ಟರೆ ಗಂಟು ಬಿಗಿದುಹೋಗುತ್ತದೆ.

ಸೊಂಟದ ಕೀಲಿನವರು ಮೊದಲ ಕೆಲವು ವಾರ ಹೆಚ್ಚು ಜಾಗ್ರತೆ ವಹಿಸಬೇಕು. ಮಣೆಯ ಮೇಲೆ ಕೂತರೆ, ಬಗ್ಗಿ ಅಡಿಕೆ ಹೆಕ್ಕಿದರೆ, ಕಾಲ ಮೇಲೆ ಕಾಲು ಹಾಕಿದರೆ ಗುಂಡು ಬಟ್ಟಲಿನಿಂದ ಜಾರಬಹುದು.

ಇನ್ನು ತೋಟದ ಮಾತು. ವೈದ್ಯರು ಒಪ್ಪಿದ ಮೇಲೆ ನಡೆದಾಡಿ, ನೀರು ಹಾಯಿಸಿ, ಕುರ್ಚಿಯಲ್ಲಿ ಕೂತು ಅಡಿಕೆ ಸುಲಿಯಿರಿ. ಗೊಬ್ಬರದ ಬುಟ್ಟಿ ಹೊರುವುದು ಮಕ್ಕಳಿಗಿರಲಿ. ಪಾಚಿ ಹಿಡಿದ ಅಂಗಳ, ಅಡಿಕೆ ಮರದ ಸಂಕ ಎರಡರಿಂದಲೂ ದೂರವಿರಿ. ಬಿದ್ದು ಹೊಸ ಕೀಲಿನ ಪಕ್ಕದ ಎಲುಬು ಮುರಿದರೆ ಜೋಡಿಸುವುದು ಸುಲಭವಲ್ಲ. ಮನೆಯವರು ಅಂಗಳದ ಪಾಚಿ ಕೆರೆದು, ಕಮೋಡು ಹಾಕಿಸಿ, ಬಚ್ಚಲಲ್ಲಿ ಹಿಡಿಕೆ ಇಡಿಸಿ.

ಇಗರ್ಜಿಯಲ್ಲಿ ಕುಳಿತೇ ಪ್ರಾರ್ಥಿಸಿ, ಸಂಕೋಚ ಬೇಡ. ಆದರೆ ಗಾಯ ಒಸರಿದರೆ ನಾಳೆ ನೋಡೋಣ ಎನ್ನಬೇಡಿ. ಅಂದೇ ಹೊರಡಿ.