ಮೀನಿನ ರೋಗಕ್ಕೆ ರೋಗಾಣುವಿನ ವೈರಿಯೇ ಮದ್ದು

ಕೊಯಮತ್ತೂರಿನ ಉಕ್ಕಡದ ಮೀನುಪೇಟೆಯಲ್ಲಿ ಮೈಮೇಲೆ ಕೆಂಪು ಕಲೆಯೆದ್ದ ಮೀನಿಗೆ ಬೆಲೆಯಿಲ್ಲ. ಕೊಳ್ಳುವವನು ಮೊದಲು ಕಿವಿರನ್ನೆತ್ತಿ ನೋಡುವನು, ಆಮೇಲೆ ಹೊಟ್ಟೆಯನ್ನು ಒತ್ತಿ ನೋಡುವನು. ತೋಟದಲ್ಲಿ ಹೊಂಡ ತೋಡಿಸಿ ಕಾಟ್ಲಾ, ರೋಹು, ಗೆಂಡೆ ಬಿಟ್ಟಿರುವ ನಮ್ಮ ರೈತರಿಗೆ ಇದು ತಿಳಿಯದ ಸಂಗತಿಯಲ್ಲ. ಎಂಟು ಹತ್ತು ತಿಂಗಳ ಮೇವಿನ ಖರ್ಚು ಒಂದೇ ವಾರದಲ್ಲಿ ನೀರುಪಾಲಾಗುವುದುಂಟು.

ಹೀಗೆ ಮಾಡುವ ರೋಗಾಣುಗಳಲ್ಲಿ ಮುಖ್ಯವಾದುದು ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯ. ಇದು ಸಿಹಿನೀರಿನಲ್ಲಿ ಯಾವಾಗಲೂ ಇದ್ದೇ ಇರುತ್ತದೆ. ಮೀನು ಕಿಕ್ಕಿರಿದು, ನೀರು ಕೆಟ್ಟು, ಪ್ರಾಣವಾಯು ಕಡಮೆಯಾದಾಗ ಮೇಲೇಳುತ್ತದೆ. ಹುರುಪೆ ಸೆಟೆದು ನಿಲ್ಲುವುದು, ಹೊಟ್ಟೆ ನೀರು ತುಂಬಿ ಊದುವುದು, ರೆಕ್ಕೆಯ ಬುಡದಲ್ಲಿ ರಕ್ತ ಒಸರುವುದು ಇದರ ಗುರುತು. ಆಗ ಅನೇಕರು ಆಂಟಿಬಯಾಟಿಕ್ ಪುಡಿಯನ್ನು ಮೇವಿಗೆ ಕಲಸುತ್ತಾರೆ. ಮೇವು ಬಿಟ್ಟಿರುವ ಮೀನು ಆ ಮದ್ದನ್ನೂ ತಿನ್ನದು. ಮದ್ದು ನೀರಿನಲ್ಲಿ ಕರಗಿ ಉಳಿದು, ಬದುಕಿದ ರೋಗಾಣುಗಳು ಅದಕ್ಕೆ ಜಗ್ಗದಂತಾಗುತ್ತವೆ. ಮೀನಿನ ಮಾಂಸದಲ್ಲಿ ಸೇರಿದ ಅಂಶ ತಿನ್ನುವವರ ಮೈಗೂ ಹೋಗುತ್ತದೆ.

ಇದಕ್ಕೆ ಬದಲಾಗಿ ವಿಜ್ಞಾನಿಗಳು ಹಿಡಿದಿರುವ ದಾರಿ ವಿಚಿತ್ರವಾದುದು. ಹುಲಿಗೆ ಹುಣ್ಣು ಬಂದಂತೆ, ಮೀನನ್ನು ಕೊಲ್ಲುವ ಬ್ಯಾಕ್ಟೀರಿಯಕ್ಕೂ ಒಂದು ರೋಗ ತಗಲುತ್ತದೆ. ಅದನ್ನು ತರುವ ವೈರಾಣುವಿಗೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರು. ಚಿಕ್ಕದಾಗಿ ಫೇಜ್ ಎನ್ನೋಣ. ಅದು ಬ್ಯಾಕ್ಟೀರಿಯಕ್ಕಿಂತ ಎಷ್ಟೋ ಚಿಕ್ಕದು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದು. ಬಾಲದಿಂದ ಬ್ಯಾಕ್ಟೀರಿಯದ ಮೈಗೆ ಕಚ್ಚಿಕೊಂಡು ತನ್ನ ಬೀಜದ್ರವ್ಯವನ್ನು ಒಳಕ್ಕೆ ಚುಚ್ಚುತ್ತದೆ. ಅಲ್ಲಿಂದ ಮುಂದೆ ಆ ಬ್ಯಾಕ್ಟೀರಿಯ ತನ್ನ ಕೆಲಸ ಬಿಟ್ಟು ಫೇಜಿನ ಮರಿಗಳನ್ನೇ ತಯಾರಿಸುತ್ತದೆ. ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆಯುವಷ್ಟರಲ್ಲಿ ಒಡೆದು, ಹತ್ತಾರರಿಂದ ನೂರಾರು ಹೊಸ ಫೇಜುಗಳು ಹೊರಬಿದ್ದು ಮುಂದಿನ ರೋಗಾಣುವನ್ನು ಹುಡುಕುತ್ತವೆ. ರೋಗಾಣು ಮುಗಿದ ಮೇಲೆ ಅವುಗಳಿಗೂ ಬಾಳಿಲ್ಲ. ಮೀನಿನ ಮಾಂಸಕ್ಕಾಗಲಿ ಮನುಷ್ಯನ ಮೈಗಾಗಲಿ ಅವು ಕಚ್ಚಲಾರವು.

ಇದು ಇಂದು ನೆನ್ನೆಯ ಮಾತಲ್ಲ. 1896ರಲ್ಲಿ ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬವರು ಗಂಗೆ ಯಮುನೆಯರ ನೀರಿನಲ್ಲಿ ಕಾಲರಾ ರೋಗಾಣು ಸಾಯುವುದನ್ನು ಕಂಡು ಬರೆದರು. 1915ರಲ್ಲಿ ಇಂಗ್ಲೆಂಡಿನ ಟ್ವಾರ್ಟ್, 1917ರಲ್ಲಿ ಪ್ಯಾರಿಸಿನಲ್ಲಿ ದೆರೆಲ್ ಇದರ ಗುಟ್ಟನ್ನು ಬೇರೆಬೇರೆಯಾಗಿ ಕಂಡರು. ದೆರೆಲ್ ಭಾರತಕ್ಕೂ ಬಂದು ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟು ನೋಡಿದರು. ಪೆನಿಸಿಲಿನ್ ಬಂದ ಮೇಲೆ ಬಹುತೇಕ ದೇಶಗಳು ಇದನ್ನು ಮೂಲೆಗೆ ಸರಿಸಿದವು. ಆಂಟಿಬಯಾಟಿಕ್ ಸೋಲತೊಡಗಿದಾಗ ಮತ್ತೆ ನೆನಪಾಯಿತು!

ಜಪಾನಿನವರು 2000ದ ಸುಮಾರಿಗೆ ಆಯು ಎಂಬ ಮೀನಿಗೆ ಮೇವಿನಲ್ಲಿ ಫೇಜ್ ಬೆರೆಸಿ ಕೊಟ್ಟು ಸಾವನ್ನು ತಗ್ಗಿಸಿದರು. ನಮ್ಮವರೂ ಹಿಂದೆ ಬಿದ್ದಿಲ್ಲ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಕರುಣಾಸಾಗರ್ ದಂಪತಿಗಳ ತಂಡ ಸೀಗಡಿ ಮರಿಗಳನ್ನು ಕೊಲ್ಲುವ, ಕತ್ತಲಲ್ಲಿ ಮಿನುಗುವ ವಿಬ್ರಿಯೋ ಹಾರ್ವೆಯಿ ಬ್ಯಾಕ್ಟೀರಿಯಕ್ಕೆ ಫೇಜ್ ಹುಡುಕಿ, ಮರಿ ಉತ್ಪಾದನಾ ಕೇಂದ್ರದಲ್ಲೇ ಪ್ರಯೋಗಿಸಿತು. ಹೆಚ್ಚು ಮರಿಗಳು ಬದುಕಿದುದನ್ನು 2006, 2007ರಲ್ಲಿ ಪ್ರಕಟಿಸಿತು. ತೊಟ್ಟಿಯ ಗೆಲುವು ಹೊಂಡದಲ್ಲೂ ಹಾಗೆಯೇ ಬರುವುದೆಂದು ನಾವು ಹೇಳಲಾರೆವು. ತೊಟ್ಟಿಯ ನೀರು ಅಳತೆಯದು, ಹೊಂಡದ ನೀರಿಗೆ ಮಳೆ, ಕೆಸರು, ಬಿಸಿಲು ಎಲ್ಲವೂ ಸೇರುತ್ತವೆ.

ರೋಗಾಣು ಹೆಚ್ಚಿರುವ ಕಡೆ ಅದರ ಫೇಜೂ ಹೆಚ್ಚು. ಆದ್ದರಿಂದ ವಿಜ್ಞಾನಿಗಳು ಅದನ್ನು ಚರಂಡಿ ನೀರಿನಲ್ಲೇ ಹುಡುಕುವರು. ಹಾಗಾದರೆ ಊರ ಕೊಳಚೆ ಸೇರಿದ ಉಕ್ಕಡದ ದೊಡ್ಡ ಕೆರೆಯ ನೀರನ್ನೇ ತಂದು ಸುರಿಯಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಕೂಡದು. ವೈರಿಯ ಜೊತೆಗೆ ರೋಗಾಣುವೂ ಬರುತ್ತದೆ. ಪ್ರಯೋಗಶಾಲೆಯಲ್ಲಿ ಸೋಸಿ, ಬೆಳೆಸಿ, ರೋಗಾಣುವನ್ನು ಕೊಲ್ಲದೆ ಅದರೊಳಗೇ ಅಡಗಿ ಕೂರುವ ಜಾತಿಯ ಫೇಜುಗಳನ್ನು ಬೇರ್ಪಡಿಸಿದ ಮೇಲೆಯೇ ಅದು ಮದ್ದಾಗುವುದು.

ಇನ್ನೊಂದು ತೊಡಕು: ಒಂದು ಫೇಜ್ ಒಂದೇ ಜಾತಿಯ, ಹಲವು ವೇಳೆ ಆ ಜಾತಿಯ ಕೆಲವೇ ತಳಿಗಳ ಬ್ಯಾಕ್ಟೀರಿಯವನ್ನು ಮಾತ್ರ ಹಿಡಿಯುತ್ತದೆ. ಅದಕ್ಕೂ ಜಗ್ಗದ ರೋಗಾಣು ಹುಟ್ಟುವುದುಂಟು. ಅದಕ್ಕಾಗಿ ಹಲವು ಫೇಜುಗಳನ್ನು ಬೆರೆಸುವರು. ಯಾವ ರೋಗಾಣುವಿಗೆಂದು ಬರೆಯದ ಸೀಸೆಯನ್ನು ಕೊಳ್ಳತಕ್ಕದ್ದಲ್ಲ. ಬ್ಲೀಚಿಂಗ್ ಪುಡಿಯನ್ನೋ ಪರ್ಮಾಂಗನೇಟನ್ನೋ ಹಾಕಿದ ದಿನ ಫೇಜ್ ಹಾಕಿದರೆ ಅದೂ ಸಾಯುತ್ತದೆ. ಸುಡುಬಿಸಿಲೂ ಅದಕ್ಕಾಗದು.

ಎಲ್ಲ ಹುಣ್ಣೂ ಬ್ಯಾಕ್ಟೀರಿಯದ್ದಲ್ಲ. 1988ರಲ್ಲಿ ನಮ್ಮ ದೇಶಕ್ಕೆ ಬಂದ ಹುಣ್ಣುರೋಗಕ್ಕೆ ಮೂಲ ಬೂಷ್ಟಿನಂಥ ಬೇರೆಯೇ ಜೀವಿ. ಮೀನುಹೇನು ಕಚ್ಚಿದ ಕಡೆಯೂ ಕೆಂಪಾಗುತ್ತದೆ. ಇವೆರಡಕ್ಕೂ ಫೇಜಿನಿಂದ ಏನೂ ಆಗದು. ಆದುದರಿಂದ ಕಲೆ ಕಂಡ ದಿನವೇ ಮೇವು ನಿಲ್ಲಿಸಿ, ಸತ್ತ ಮೀನನ್ನು ಸುಣ್ಣ ಹಾಕಿ ಹೂಳಿ, ರೋಗ ತಗಲಿದ ಎರಡು ಮೂರು ಮೀನುಗಳನ್ನು ಜೀವಂತವಾಗಿ ಹೊಂಡದ ನೀರಿನಲ್ಲೇ ಮೀನುಗಾರಿಕೆ ಇಲಾಖೆಯವರ ಬಳಿಗೆ ಒಯ್ಯಬೇಕು. ಸತ್ತ ಮೀನನ್ನು ಒಯ್ದರೆ ಪ್ರಯೋಜನವಿಲ್ಲ. ಸತ್ತ ಮೇಲೆ ಸೇರಿಕೊಂಡ ಬೇರೆ ಬ್ಯಾಕ್ಟೀರಿಯಗಳೇ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವವು.