ಸಂಕ್ರಾಂತಿಗೆ ಕೈಯಿಂದ ಮಾಡಿದ ಕಾರ್ಡು

ಎಳ್ಳಮಾಸಿ ಹತ್ತಿರ ಬಂತು ಅಂದರೆ ಸಂಕ್ರಾಂತಿ ದೂರ ಇಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಮನೆ ಮನೆಯಲ್ಲಿ ಎಳ್ಳು ಹಸನು ಮಾಡಲು ಸುರು ಮಾಡುತ್ತೇವೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ ಪಲ್ಯ. ಭೀಮಾ ನದಿಯ ಸ್ನಾನ. ಕೆಲವರು ಗಾಣಗಾಪುರದ ಸಂಗಮಕ್ಕೆ ಹೋಗುತ್ತಾರೆ. ಅಲ್ಲಿ ಅಮರ್ಜಾ ಹೊಳೆ ಭೀಮೆಗೆ ಕೂಡುತ್ತದೆ. ಸಂಜೆಗೆ ಕುಸುರೆಳ್ಳು ಹಿಡಿದು ಎಲ್ಲರ ಮನೆಗೂ ಹೋಗುತ್ತೇವೆ. “ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣ್ರಿ” ಅನ್ನುತ್ತೇವೆ. ಮಾತು ಬಿಟ್ಟವರೂ ಅವತ್ತು ಮಾತಾಡುತ್ತಾರೆ.

ಊರಾಗ ಇದ್ದವರಿಗೆ ಹೀಗೆ ಕೈಯಲ್ಲಿ ಎಳ್ಳು ಕೊಡಬಹುದು. ದೂರ ಇದ್ದವರಿಗೆ? ಮಗ ಪುಣೆಗೋ ಮುಂಬಯಿಗೋ ದುಡಿಯಲು ಹೋಗಿರುತ್ತಾನೆ. ಮಗಳನ್ನು ಸೊಲ್ಲಾಪುರದ ಕಡೆ ಕೊಟ್ಟಿರುತ್ತೇವೆ. ತಮ್ಮ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿ ಇರುತ್ತಾನೆ. ಮೊದಲು ಇಂಥವರಿಗೆ ಸಂಕ್ರಾಂತಿ ಕಾರ್ಡು ಕಳಿಸುವ ರೂಢಿ ಇತ್ತು. ಲಕೋಟೆಯಲ್ಲಿ ಒಂದು ಕಾರ್ಡು. ಅದರ ಜೊತೆ ಒಂದು ಚಿಟಿಕೆ ಕುಸುರೆಳ್ಳು. ದಸರೆಗೆ ಕಾಗದದೊಳಗೆ ಬನ್ನಿ ಎಲೆ ಇಟ್ಟು ಕಳಿಸುವವರೂ ಇದ್ದರು.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಹಬ್ಬದ ದಿನ ಬೆಳಗಾದರೆ ಸಾಕು, ಅದರೊಳಗೆ ಚಿತ್ರಗಳು ಬಂದು ಬೀಳುತ್ತವೆ. ಯಾರೋ ಮಾಡಿದ ಚಿತ್ರ, ಯಾರೋ ಬರೆದ ಮಾತು. ನಾವು ಅದನ್ನೇ ಇನ್ನೊಬ್ಬರಿಗೆ ದೂಡುತ್ತೇವೆ. ಆಮೇಲೆ ಫೋನ್ ತುಂಬಿತು ಅಂತ ಅಳಿಸುತ್ತೇವೆ. ಮೊಬೈಲ್ ಬ್ಯಾಡ ಅಂತ ನಾವು ಹೇಳುತ್ತಿಲ್ಲ. ಮಗನ ದನಿ ಕೇಳಲು ಅದು ಬೇಕು. ಆದರೆ ಅವ್ವನ ಕೈಬರಹ ಅದರಲ್ಲಿ ಬರುವುದಿಲ್ಲ.

ಅಕ್ಷರ ಕಲಿತ ಮೇಲೆ ನಾವು ಏನೇನು ಬರೆದಿದ್ದೇವೆ, ಸ್ವಲ್ಪ ನೆನಪು ಮಾಡಿಕೊಳ್ಳೋಣ. ಸಂಘದ ಪುಸ್ತಕದಲ್ಲಿ ಸಹಿ. ಬ್ಯಾಂಕಿನ ಚೀಟಿಯಲ್ಲಿ ಸಹಿ. ಶಾಲೆಯಲ್ಲಿ ಮಗುವಿನ ಹೆಸರಿನ ಮುಂದೆ ಸಹಿ. ರೇಷನ್ ಅಂಗಡಿಯಲ್ಲಂತೂ ಸಹಿ ಬಂದರೂ ಬೆರಳೇ ಒತ್ತಬೇಕು. ಇವೆಲ್ಲ ಬೇಕಾದವೇ. ಆದರೆ ಇವನ್ನು ಓದಿ ಯಾರೂ ಖುಷಿ ಪಡುವುದಿಲ್ಲ. ಒಬ್ಬರು ಓದಲಿ, ಓದಿ ಇಟ್ಟುಕೊಳ್ಳಲಿ ಅಂತ ನಾವು ಇನ್ನೂ ಬರೆದಿಲ್ಲ. ಈ ಸಂಕ್ರಾಂತಿಗೆ ಬರೆಯೋಣ. ಕಾರ್ಡನ್ನೂ ನಾವೇ ಮಾಡೋಣ.

ರಬ್ಬರ್ ಇಲ್ಲದ ಸಿಕ್ಕಾ

“ನನಗ ಚಿತ್ರ ತೆಗಿಲಿಕ್ಕೆ ಬರೂದಿಲ್ರಿ” ಅಂತ ನೀವು ಅನ್ನಬಹುದು. ಅದಕ್ಕೆ ಒಂದು ಉಪಾಯ ಇದೆ. ಅದರ ಹೆಸರು ಡಿಜಿಟಲ್ ಸ್ಟಾಂಪ್.

ಸ್ಟಾಂಪ್ ಅಂದ ಕೂಡಲೆ ನಮಗೆ ಅಂಚೆ ಚೀಟಿ ನೆನಪಾಗುತ್ತದೆ. ಛಾಪಾ ಕಾಗದ ನೆನಪಾಗುತ್ತದೆ. ಇದು ಅವೆರಡೂ ಅಲ್ಲ. ಪಂಚಾಯತಿಯವರು ಕಾಗದದ ಮೇಲೆ ಸಿಕ್ಕಾ ಒತ್ತುತ್ತಾರಲ್ಲ, ಇದು ಅದರ ತಮ್ಮ. ಹೂವು, ಹಕ್ಕಿ, ಎತ್ತು ಇಂಥ ಚಿತ್ರಗಳ ರಬ್ಬರ್ ಸಿಕ್ಕಾಗಳೂ ಇರುತ್ತವೆ. ಶಾಯಿ ಪ್ಯಾಡಿಗೆ ಮುಟ್ಟಿಸಿ ಹಾಳೆಯ ಮೇಲೆ ಒತ್ತಿದರೆ ಬರೀ ಗೆರೆಯ ಚಿತ್ರ ಮೂಡುತ್ತದೆ. ಗೆರೆಯ ಒಳಗೆ ನಾವು ಬಣ್ಣ ತುಂಬಬೇಕು.

ಡಿಜಿಟಲ್ ಸ್ಟಾಂಪಿನಲ್ಲಿ ರಬ್ಬರ್ ಇಲ್ಲ, ಶಾಯಿ ಪ್ಯಾಡ್ ಇಲ್ಲ. ಗೆರೆಯ ಚಿತ್ರ ಮೊಬೈಲಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಇರುತ್ತದೆ. ಬೇಕಾದಾಗ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತೇವೆ. ಒಂದೇ ಚಿತ್ರವನ್ನು ದೊಡ್ಡದು ಮಾಡಬಹುದು, ಸಣ್ಣದು ಮಾಡಬಹುದು. ಎಡಕ್ಕೆ ನೋಡುವ ಎತ್ತನ್ನು ಬಲಕ್ಕೆ ತಿರುಗಿಸಬಹುದು. ಎರಡನ್ನೂ ಕೂಡಿಸಿದರೆ ಜೋಡೆತ್ತು ಆಯಿತು. ರಬ್ಬರ್ ಸಿಕ್ಕಾದಲ್ಲಿ ಇದು ಆಗುವುದಿಲ್ಲ.

ಇಂಥ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಬಹಳ ಸಿಗುತ್ತವೆ. ಕೆಲವು ಪುಕ್ಕಟೆ, ಕೆಲವಕ್ಕೆ ದುಡ್ಡು. ಒಂದು ಎಚ್ಚರಿಕೆ ಇರಲಿ. ಪ್ರತಿ ಚಿತ್ರವೂ ಬರೆದವರ ಸೊತ್ತು. ಅವರು ಹೇಗೆ ಬಳಸಿರಿ ಅಂತ ಹೇಳಿರುತ್ತಾರೋ ಹಾಗೆ ಬಳಸಬೇಕು. ಮಾರುವ ಕಾರ್ಡಿಗೆ ಅವರ ಒಪ್ಪಿಗೆ ಬೇಕು.

ನಮಗೆ ಕೇಳಿದರೆ, ನಮ್ಮ ಚಿತ್ರವನ್ನು ನಾವೇ ಬರೆಯುವುದು ಚಂದ. ದಿನಾ ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಹಾಕುವ ಕೈಗೆ ಚಿತ್ರ ಬರುವುದಿಲ್ಲ ಅಂದರೆ ಯಾರು ನಂಬುತ್ತಾರೆ? ಆ ರಂಗೋಲಿಯನ್ನೇ ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಿಂದ ಹಾಕಿ. ಒಂದು ಜೋಳದ ತೆನೆ ಬರೆಯಿರಿ. ಹೂ ಬಿಟ್ಟ ತೊಗರಿ ಟೊಂಗೆ ಬರೆಯಿರಿ. ಗೆರೆ ದಪ್ಪ ಇರಲಿ, ಎಲ್ಲೂ ತುಂಡಾಗದಿರಲಿ. ಹಾಳೆಯನ್ನು ಬೆಳಕಿನಲ್ಲಿ ನೆಲದ ಮೇಲೆ ಇಡಿ. ಮೊಬೈಲನ್ನು ನೇರ ಮೇಲೆ ಹಿಡಿದು ಫೋಟೋ ತೆಗೆಯಿರಿ. ನಿಮ್ಮ ನೆರಳು ಹಾಳೆಯ ಮೇಲೆ ಬೀಳಬಾರದು. ಬಿದ್ದರೆ ಪ್ರಿಂಟಿನಲ್ಲಿ ಬೂದಿ ಬಣ್ಣದ ಕಲೆ ಬರುತ್ತದೆ. ಅಷ್ಟೇ, ನಿಮ್ಮದೇ ಡಿಜಿಟಲ್ ಸ್ಟಾಂಪ್ ಆಯಿತು. ಒಮ್ಮೆ ಬರೆದ ತೆನೆಯಿಂದ ಇಪ್ಪತ್ತು ಕಾರ್ಡು ಮಾಡಬಹುದು.

ಹಾಳೆ ಮತ್ತು ಪ್ರಿಂಟು

ಝೆರಾಕ್ಸಿಗೆ ಹಾಕುವ ಹಾಳೆ ಬಹಳ ತೆಳು. ಬಣ್ಣ ಹಿಂದಿನ ಬದಿಗೆ ಇಳಿಯುತ್ತದೆ. ದಪ್ಪ ಹಾಳೆ ಬೇಕು. ಅಂಗಡಿಯವರು “ಎಷ್ಟು ಜಿಎಸ್‌ಎಂ?” ಅಂತ ಕೇಳಬಹುದು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಜಿಎಸ್‌ಎಂ. ಝೆರಾಕ್ಸ್ ಹಾಳೆ ಸಾಮಾನ್ಯವಾಗಿ 70 ಅಥವಾ 75. ಕಾರ್ಡಿಗೆ 200 ಒಳ್ಳೆಯದು. ಅವರ ಮಶೀನು ಅಷ್ಟು ದಪ್ಪ ಹಾಳೆ ಎಳೆಯುತ್ತದೋ ಇಲ್ಲವೋ ಮೊದಲೇ ಕೇಳಿ.

ಎ4 ಹಾಳೆಯ ಉದ್ದ 29.7 ಸೆಂಟಿಮೀಟರ್, ಅಗಲ 21. ಉದ್ದವನ್ನು ನಡುವೆ ಕತ್ತರಿಸಿದರೆ ಎರಡು ತುಂಡು. ಒಂದೊಂದು ತುಂಡನ್ನು ನಡುವೆ ಮಡಚಿದರೆ ಎರಡು ಕಾರ್ಡು. ಮಡಿಕೆಯನ್ನು ಚಮಚದ ಬೆನ್ನಿನಿಂದ ಉಜ್ಜಿ. ಕನ್ನಡದ ಕಾರ್ಡಿಗೆ ಮಡಿಕೆ ಎಡಕ್ಕೆ ಇರುತ್ತದೆ. ಆದ್ದರಿಂದ ಬಿಡಿಸಿಟ್ಟ ತುಂಡಿನ ಬಲಭಾಗದಲ್ಲಿ ಚಿತ್ರ ಬರುವಂತೆ ಪ್ರಿಂಟ್ ಹೇಳಿ. ರಮಜಾನ್ ಈದಿಗೆ ಉರ್ದುವಿನಲ್ಲಿ ಕಾರ್ಡು ಮಾಡುವವರು ಇದನ್ನು ತಿರುವು ಮಾಡಬೇಕು. ಉರ್ದು ಬಲದಿಂದ ಎಡಕ್ಕೆ ಓದುವ ಬರಹ. ಮಡಿಕೆ ಬಲಕ್ಕೆ, ಚಿತ್ರ ಎಡಭಾಗಕ್ಕೆ.

ಪ್ರಿಂಟಿನಲ್ಲಿ ಎರಡು ಜಾತಿ. ಒಂದು ನೀರಿನಂಥ ಶಾಯಿ ಸಿಂಪಡಿಸುವ ಪ್ರಿಂಟರ್. ಅದಕ್ಕೆ ಇಂಕ್‌ಜೆಟ್ ಅನ್ನುತ್ತಾರೆ. ಇನ್ನೊಂದು ಲೇಸರ್. ಝೆರಾಕ್ಸ್ ಮಶೀನೂ ಇದರ ಹಾಗೆಯೇ. ಇದರಲ್ಲಿ ಕಪ್ಪು ಪುಡಿಯನ್ನು ಬಿಸಿ ಮಾಡಿ ಹಾಳೆಗೆ ಅಂಟಿಸುತ್ತಾರೆ. ಈ ವ್ಯತ್ಯಾಸ ಯಾಕೆ ಬೇಕು ಅಂತ ಕೇಳಬೇಡಿ. ಬಣ್ಣ ಹಚ್ಚುವಾಗ ತಾನೇ ಗೊತ್ತಾಗುತ್ತದೆ.

ಬಣ್ಣ ತುಂಬುವುದು

ಅಚ್ಚಾದ ಗೆರೆಯೊಳಗೆ ಕೈಯಿಂದ ಬಣ್ಣ ತುಂಬುವ ಕೆಲಸ ಹೊಸದಲ್ಲ. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಅನ್ನುವವರು ಕ್ರಿಸ್‌ಮಸ್ ಹಬ್ಬಕ್ಕೆ ಕಾರ್ಡು ಮಾಡಿಸಿದರು. ಚಿತ್ರ ಬರೆದವರು ಹಾರ್ಸ್‌ಲಿ. ಅಂಗಡಿಯಲ್ಲಿ ಮಾರಿದ ಮೊದಲ ಕ್ರಿಸ್‌ಮಸ್ ಕಾರ್ಡು ಅದು. ಅದರಲ್ಲೂ ಗೆರೆ ಮಾತ್ರ ಅಚ್ಚಿನದು. ಬಣ್ಣ ಕೈಯಿಂದ ಹಚ್ಚಿದ್ದು.

ನಮ್ಮ ಕಡೆ ಸಿಗುವ ಬಣ್ಣದ ಪೆನ್ನುಗಳಲ್ಲೂ ಎರಡು ಜಾತಿ. ಮಕ್ಕಳು ತರುವ ಸ್ಕೆಚ್ ಪೆನ್ನು ನೀರಿನ ಬಣ್ಣದ್ದು. ಇನ್ನೊಂದು ಸ್ಪಿರಿಟ್ ಬಣ್ಣದ ಮಾರ್ಕರ್. ಮುಚ್ಚಳ ತೆಗೆದರೆ ದವಾಖಾನೆಯ ವಾಸನೆ ಬರುತ್ತದೆ. ಸ್ಕೆಚ್ ಪೆನ್ನಿನ ನೀರಿಗೆ ಇಂಕ್‌ಜೆಟ್ ಗೆರೆ ಕರಗಿ ಹರಡಬಹುದು. ಅದಕ್ಕೆ ಲೇಸರ್ ಅಥವಾ ಝೆರಾಕ್ಸ್ ಗೆರೆ ಒಳ್ಳೆಯದು. ಸ್ಪಿರಿಟ್ ಮಾರ್ಕರಿಗೆ ತಿರುವು. ಅದು ಲೇಸರಿನ ಕಪ್ಪು ಪುಡಿಯನ್ನು ಕೆಲವು ಸಲ ಕದಡುತ್ತದೆ. ಅದಕ್ಕೆ ಚೆನ್ನಾಗಿ ಒಣಗಿದ ಇಂಕ್‌ಜೆಟ್ ಪ್ರಿಂಟು ಬೇಕು. ಯಾವುದಕ್ಕೂ ಕಾರ್ಡಿಗೆ ಹಚ್ಚುವ ಮೊದಲು ಕತ್ತರಿಸಿ ಉಳಿದ ಚೂರಿನ ಮೇಲೆ ಹಚ್ಚಿ ನೋಡಿ. ಸ್ಪಿರಿಟ್ ಮಾರ್ಕರನ್ನು ಒಲೆಯ ಹತ್ತಿರ ಬಳಸಬೇಡಿ. ಸ್ಪಿರಿಟ್ಟಿಗೆ ಬೆಂಕಿ ಹತ್ತುತ್ತದೆ. ಬಾಗಿಲು, ಕಿಟಕಿ ತೆರೆದಿರಲಿ. ಕಾರ್ಡಿನ ಕೆಳಗೆ ಒಂದು ರದ್ದಿ ಹಾಳೆ ಇರಲಿ.

ಮೊದಲು ತಿಳಿ ಬಣ್ಣ, ಆಮೇಲೆ ಗಾಢ ಬಣ್ಣ. ತಿಳಿಯ ಮೇಲೆ ಗಾಢ ಕೂಡುತ್ತದೆ. ಗಾಢದ ಮೇಲೆ ತಿಳಿ ಕಾಣುವುದಿಲ್ಲ. ಕೈ ಒಂದೇ ಕಡೆಗೆ ಓಡಲಿ, ಜೋಳ ಬಿತ್ತುವ ಸಾಲಿನ ಹಾಗೆ. ಹಿಂದೆ ಮುಂದೆ ಉಜ್ಜಿದರೆ ಹಾಳೆ ನವಿರೆದ್ದು ಹರಿಯುತ್ತದೆ.

ಬಿಸಿಲು ಯಾವ ಕಡೆಯಿಂದ ಬರುತ್ತದೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಎಡದಿಂದ ಬರುತ್ತದೆ ಅಂತ ಹಿಡಿಯೋಣ. ಹಾಗಾದರೆ ತೆನೆಯ ಎಡಬದಿ ತಿಳಿ, ಬಲಬದಿ ಗಾಢ. ಎರಡು ಬಣ್ಣ ಕೂಡುವಲ್ಲಿ ಗೆರೆ ಕಂಡರೆ ಚಂದ ಅಲ್ಲ. ಸ್ಪಿರಿಟ್ ಮಾರ್ಕರ್ ಇದ್ದರೆ ಬಣ್ಣ ಹಸಿ ಇರುವಾಗಲೇ ತಿಳಿ ಪೆನ್ನಿನಿಂದ ಆ ಜಾಗವನ್ನು ಇನ್ನೊಮ್ಮೆ ತೀಡಿ. ಬಣ್ಣ ಬಣ್ಣದೊಳಗೆ ಬೆರೆಯುತ್ತದೆ. ಸ್ಕೆಚ್ ಪೆನ್ನಾದರೆ ಒದ್ದೆ ಕುಂಚದಿಂದ ಮೆಲ್ಲಗೆ ಎಳೆಯಿರಿ.

ಬಿಳಿ ಎತ್ತಿಗೆ ಯಾವ ಬಣ್ಣ ಹಚ್ಚುವುದು? ಇದು ಎಲ್ಲರೂ ಕೇಳುವ ಮಾತು. ಅದಕ್ಕೆ ಬಣ್ಣ ಹಚ್ಚಬೇಡಿ. ಹಾಳೆಯ ಬಿಳುಪೇ ಎತ್ತಿನ ಬಿಳುಪು. ಹೊಟ್ಟೆಯ ಕೆಳಗೆ, ಹಿಣಿಲಿನ ಬುಡಕ್ಕೆ, ಕಾಲಿನ ಹಿಂದೆ ತಿಳಿ ಬೂದಿ ಬಣ್ಣ ಸ್ವಲ್ಪ ಕೊಡಿ. ಎತ್ತು ಹಾಳೆಯಿಂದ ಎದ್ದು ನಿಲ್ಲುತ್ತದೆ. ಕೋಡಿಗೆ ಕೆಂಪು, ಕೊರಳಿಗೆ ಗೆಜ್ಜೆಯ ಹಳದಿ. ತೊಗರಿ ಹೂವಿಗೂ ಬರೀ ಹಳದಿ ಸಾಲದು. ಹೊಲದಲ್ಲಿ ಒಂದು ಹೂ ಕಿತ್ತು ನೋಡಿ. ಎಷ್ಟೋ ತಳಿಗಳಲ್ಲಿ ಎಸಳಿನ ಬೆನ್ನಿಗೆ ಕೆಂಪು ಗೆರೆ ಇರುತ್ತದೆ. ಅದನ್ನು ನೋಡಿದವರು ನಾವು. ಪೇಟೆಯಲ್ಲಿ ಕಾರ್ಡು ಮಾಡುವವರಿಗೆ ಅದು ಗೊತ್ತಿರುವುದಿಲ್ಲ.

ಮಾತು ಬರೆಯುವುದು

ಚಿತ್ರ ಮಶೀನಿನಿಂದ ಬಂದರೂ ಚಿಂತೆ ಇಲ್ಲ. ಮಾತು ಮಾತ್ರ ಅಚ್ಚು ಹಾಕಿಸಬೇಡಿ. ಮೊದಲು ಬೇರೆ ಹಾಳೆಯಲ್ಲಿ ಬರೆದು ನೋಡಿ. ಸಂಕ್ರಾಂತಿ ಅನ್ನುವ ಪದ ಕಷ್ಟ ಅನಿಸಿದರೆ ಬಿಡಿಸಿ ಬರೆಯಿರಿ. ಸಂ – ಕ್ರಾಂ – ತಿ. ಶುಭಾಶಯವೂ ಹಾಗೆಯೇ. ಶು – ಭಾ – ಶ – ಯ. ಕಾರ್ಡಿನ ಒಳಗೆ ಪೆನ್ಸಿಲಿನಿಂದ ತೆಳುವಾಗಿ ಗೆರೆ ಹಾಕಿ. ಪೆನ್ನಿನಿಂದ ಬರೆದು, ಒಣಗಿದ ಮೇಲೆ ಪೆನ್ಸಿಲ್ ಗೆರೆ ಅಳಿಸಿ.

ಏನು ಬರೆಯುವುದು? ದೊಡ್ಡ ಮಾತು ಬೇಕಾಗಿಲ್ಲ. ಫೋನಿನಲ್ಲಿ ಮಾತಾಡಿದ ಹಾಗೆ ಬರೆಯಿರಿ. ಒಂದು ಮಾದರಿ ಇಲ್ಲಿದೆ.

“ಮಗಳೇ, ಸಂಕ್ರಾಂತಿಯ ಶುಭಾಶಯ. ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರು. ತೊಗರಿ ರಾಶಿ ಆಯಿತು. ಕೆಂಪು ಆಕಳು ಕರು ಹಾಕಿದೆ. ಅಳಿಯಂದಿರಿಗೆ ನಮಸ್ಕಾರ ಹೇಳು. ಇದನ್ನ ಯಾರ ಕೈಲೂ ಬರೆಸಿಲ್ಲ. ನಾನೇ ಬರಿಲತ್ತೀನಿ. ನಿನ್ನ ಅವ್ವ.”

ಒತ್ತಕ್ಷರ ತಪ್ಪಿದರೆ ಹೆದರಬೇಡಿ. ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾಗಿ ಬರೆಯಿರಿ. ಅದಕ್ಕಾಗಿ ಕಾರ್ಡು ಹರಿದು ಹಾಕಬೇಡಿ. ಮಗಳು ಒತ್ತು ಎಣಿಸುತ್ತಾ ಕೂಡುವುದಿಲ್ಲ.

ಖರ್ಚು ಎಷ್ಟು?

ಲೆಕ್ಕ ಮಾಡೋಣ. 10 ಹಾಳೆಗೆ 20 ಕಾರ್ಡು. ಹಾಳೆ, ಪ್ರಿಂಟು ಕೂಡಿ ಒಂದಕ್ಕೆ 10 ರೂಪಾಯಿ ಅಂತ ಹಿಡಿದರೆ 100. ಲಕೋಟೆ ಒಂದಕ್ಕೆ 2 ರೂಪಾಯಿಯಂತೆ 40. ಸ್ಕೆಚ್ ಪೆನ್ನಿನ ಪಾಕೀಟು 60. ಎಲ್ಲ ಕೂಡಿದರೆ 200. ಅದನ್ನು 20ರಿಂದ ಭಾಗಿಸಿದರೆ ಒಂದು ಕಾರ್ಡಿಗೆ 10 ರೂಪಾಯಿ. ಇವು ಲೆಕ್ಕಕ್ಕೆ ಹಿಡಿದ ದರ. ನಿಮ್ಮ ಊರಿನ ದರ ಹಾಕಿ ನೀವೇ ಮಾಡಿ ನೋಡಿ.

ಸಂಘದವರು ಕೂಡಿ ಮಾಡಿ ಜಾತ್ರೆಯಲ್ಲಿ, ಶಾಲೆಯಲ್ಲಿ ಮಾರಬಹುದು. ಮಾರುವಾಗ ನಮ್ಮ ಕೈಕೆಲಸದ ಹೊತ್ತಿಗೂ ಬೆಲೆ ಹಾಕಬೇಕು. ಹೆಂಗಸರ ಕೆಲಸ ಪುಕ್ಕಟೆ ಅಂತ ಲೆಕ್ಕ ಬಿಡುವುದು ಹಳೇ ಚಾಳಿ. ಆದರೆ ಇದರಿಂದ ಮನೆ ನಡೆಯುತ್ತದೆ ಅಂತ ನಾವು ಹೇಳುವುದಿಲ್ಲ. ಹಬ್ಬದ ನಾಲ್ಕು ದಿನದ ವ್ಯಾಪಾರ ಇದು.

ಅಂಚೆಗೆ ಹಾಕುವುದು

200 ಜಿಎಸ್‌ಎಂ ಹಾಳೆಯ ಒಂದು ಕಾರ್ಡು ಸುಮಾರು 6 ಗ್ರಾಂ ತೂಗುತ್ತದೆ. ಲಕೋಟೆ ಕೂಡಿದರೂ ಹಗುರವೇ. ಕುಸುರೆಳ್ಳು ಚಿಟಿಕೆಯಷ್ಟೇ ಇರಲಿ. ಸಣ್ಣ ಚೀಟಿಯಲ್ಲಿ ಮಡಚಿ ಚಪ್ಪಟೆ ಮಾಡಿ. ಹೆಚ್ಚು ತುಂಬಿದರೆ ಅಂಚೆಯವರು ಮುದ್ರೆ ಒತ್ತುವಾಗ ಪುಡಿಯಾಗುತ್ತದೆ. ಅಂಚೆ ಕಚೇರಿಯಲ್ಲಿ ತೂಕ ಹಾಕಿಸಿ, ಅವರು ಹೇಳಿದಷ್ಟು ಚೀಟಿ ಹಚ್ಚಿ.

ವಿಳಾಸದ ಕೊನೆಗೆ ಪಿನ್‌ಕೋಡ್ ಬರೆಯುವುದನ್ನು ಮರೆಯಬೇಡಿ. ಆರು ಅಂಕಿಯ ಈ ಸಂಖ್ಯೆ 1972ರ ಆಗಸ್ಟ್ 15ರಿಂದ ಬಂತು. ಒಂದೇ ಹೆಸರಿನ ಊರು ಬಹಳ ಇವೆ. ವಿಳಾಸ ಬರೆಯುವ ಭಾಷೆಯೂ ಬೇರೆ ಬೇರೆ. ಪಿನ್‌ಕೋಡ್ ಇದ್ದರೆ ಕಾಗದ ದಾರಿ ತಪ್ಪುವುದಿಲ್ಲ. 585 ಅಂದರೆ ನಮ್ಮ ಕಲಬುರಗಿ ಕಡೆ. ಅಫಜಲಪುರ 585301. ಆಳಂದ 585302. ಜೇವರ್ಗಿ 585310. ಹಳ್ಳಿಗಳದು ಬೇರೆ ಇರಬಹುದು, ಪೋಸ್ಟ್‌ಮ್ಯಾನ್‌ಗೆ ಕೇಳಿ. ಪುಣೆಯದು 411ರಿಂದ ಸುರು ಆಗುತ್ತದೆ. ಮಗನಿಗೆ ಫೋನ್ ಮಾಡಿ ಪೂರ್ತಿ ಆರು ಅಂಕಿ ಬರೆದುಕೊಳ್ಳಿ. ಯಾಕೆ ಅಂತ ಕೇಳಿದರೆ ಹೇಳಬೇಡಿ.

ಸಂಕ್ರಾಂತಿ ಜನವರಿ 14ಕ್ಕೋ 15ಕ್ಕೋ ಬರುತ್ತದೆ. ಕಾಗದ ಮುಟ್ಟಲು ದಿನ ಬೇಕು. ಜನವರಿ 5ರ ಒಳಗೆ ಡಬ್ಬಿಗೆ ಹಾಕಿ. ಲಕೋಟೆಯ ಹಿಂದೆ ನಿಮ್ಮ ಹೆಸರು, ನಿಮ್ಮ ಊರು ಬರೆಯಿರಿ.